ಕುಣಿತವನ್ನು ಎಲ್ಲಿ ಇಡುವುದು

ಎರಡನೇ ಎಚ್ಚರಿಕೆ ಬಂದಾಗ ನಾನು ಒಂದು ಮದುವೆ ರವಿಕೆಗೆ ತೋಳು ಕೂರಿಸುತ್ತಿದ್ದೆ. ಶಿರಸಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಫೋನು ಟಿಣ್ ಎಂದಿತು. ನೋಡಿದರೆ ನನ್ನ ವಿಡಿಯೋ ಚಾನೆಲ್ಲಿನ ನೆತ್ತಿಯ ಮೇಲೆ ಕೆಂಪು ಗುರುತು. ಯಾವುದೋ ಕ್ಯಾಸೆಟ್ ಕಂಪನಿಯವರು ‘ಈ ಧ್ವನಿ ನಮ್ಮದು’ ಎಂದು ದೂರು ಕೊಟ್ಟಿದ್ದರು. ಇನ್ನೊಂದು ದೂರು ಬಂದರೆ ಚಾನೆಲ್ಲೇ ಇರುವುದಿಲ್ಲವಂತೆ, ಇಷ್ಟು ವರ್ಷ ಹಾಕಿದ್ದೆಲ್ಲ ಒಟ್ಟಿಗೇ ಮಾಯವಂತೆ. "ಎಲಾ ಇವರ!" ಎಂದು ಒಬ್ಬಳೇ ಕೂಗಿದೆ. ಆ ಸಿಟ್ಟಿನಲ್ಲಿ ತೋಳು ಹಿಂದುಮುಂದಾಗಿ ಕೂತು, ಮತ್ತೆ ಬಿಚ್ಚಿ ಹೊಲಿಯಬೇಕಾಯಿತು.

ನಾನು ಹಾಕುತ್ತಿದ್ದದ್ದು ಕದ್ದ ಸಿನಿಮಾ ಅಲ್ಲ. ಸಿದ್ದಾಪುರದ ಕಡೆಯವರೊಬ್ಬರು ಯಕ್ಷಗಾನದಲ್ಲಿ ಹೆಣ್ಣುವೇಷ ಮಾಡುತ್ತಿದ್ದರು. ನಾನು ಅವರ ಅಭಿಮಾನಿ. ಅಭಿಮಾನಿ ಎಂದರೆ ಸಾಲದು, ಹುಚ್ಚು ಎನ್ನಬೇಕು. ಅವರು ರಂಗಕ್ಕೆ ಬಂದು ಸೆರಗು ಸರಿಮಾಡಿಕೊಂಡರೆ ನಾನು ಕೂತಲ್ಲೇ ನನ್ನ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಮಂಡಿ ಸವೆದು ಅವರು ವೇಷ ಬಿಟ್ಟ ಮೇಲೆ, ಆ ಕುಣಿತ ಎಲ್ಲೆಲ್ಲಿ ಯಾರ್ಯಾರ ಬಳಿ ಉಳಿದಿದೆಯೋ ಹುಡುಕಿ ತರತೊಡಗಿದೆ. ವಾನಳ್ಳಿಯಲ್ಲಿ ಮದುವೆ ವಿಡಿಯೋ ತೆಗೆಯುವವರೊಬ್ಬರು ಯಕ್ಷಗಾನದ ಆಟಗಳನ್ನೂ ಹಿಡಿದಿಟ್ಟಿದ್ದರು. ಸೋಂದಾದ ಒಂದು ಮನೆಯಲ್ಲಿ ಗೀರು ಬಿದ್ದ ಸಿ.ಡಿ.ಗಳು ಸಿಕ್ಕಿದವು. ಚಿತ್ರ ಅಡ್ಡಿಯಿಲ್ಲ, ಧ್ವನಿ ಮಾತ್ರ ದೇವರಿಗೇ ಪ್ರೀತಿ. ಮೈಕು ಕುಂಯ್ ಎನ್ನುತ್ತದೆ, ಯಾರೋ ಕುರ್ಚಿ ಎಳೆಯುತ್ತಾರೆ, ಎಲ್ಲೋ ಒಂದು ಮಗು ರಚ್ಚೆ ಹಿಡಿದಿದೆ. ಹಾಗಾಗಿ ನಾನು ಆ ಧ್ವನಿಯನ್ನು ಕಿತ್ತು ಹಾಕಿ, ಹಳೆಯ ಕ್ಯಾಸೆಟ್ಟಿನಲ್ಲಿ ಬೇರೆ ಭಾಗವತರು ಹಾಡಿದ ಸ್ವಚ್ಛವಾದ ಪದ್ಯವನ್ನು ಕೂರಿಸುತ್ತಿದ್ದೆ.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಮೊದಲನೆಯದನ್ನು ಹಾಕಿದಾಗ ಯಲ್ಲಾಪುರದಿಂದ ಯಾರೋ "ಹೆಜ್ಜೆ ಒಂದು ಕಡೆ, ಮದ್ದಳೆ ಒಂದು ಕಡೆ. ನೀವು ರವಿಕೆ ಹೊಲೀರಿ" ಎಂದು ಬರೆದಿದ್ದರು. ಮೈಯೆಲ್ಲ ಉರಿದುಹೋಯಿತು. ನಾನು ರವಿಕೆ ಹೊಲಿಯುವವಳೆಂದು ಅವರಿಗೆ ಹೇಗೆ ಗೊತ್ತಾಯಿತೋ! ಹಠಕ್ಕೆ ಬಿದ್ದು ಕಲಿತೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಎಲ್ಲಿ ಎಳೆಯಬೇಕು, ಹೆಜ್ಜೆ ಬಿದ್ದ ಕಡೆ ಪೆಟ್ಟು ಬೀಳುವವರೆಗೂ ಬಿಡುತ್ತಿರಲಿಲ್ಲ. ಅವುಗಳಲ್ಲಿ ಒಂದು ವಿಡಿಯೋ ಎಲ್ಲ ಕಡೆ ಓಡಾಡಿತು. ಕೊಟ್ಟ ಮಾತನ್ನು ತುಂಬಿದ ಸಭೆಯಲ್ಲಿ ಅಲ್ಲಗಳೆದ ರಾಜನ ಎದುರು ಹೆಣ್ಣೊಬ್ಬಳು ನಿಂತಿದ್ದಾಳೆ. ಅದಕ್ಕೆ ನಾನು ಕೂರಿಸಿದ್ದು ಕರುಳು ಹಿಂಡುವ ಒಂದು ಶೋಕದ ಪದ್ಯ. ಇಡಗುಂದಿಯಲ್ಲಿರುವ ನನ್ನ ಅಕ್ಕ ನೆಟ್‌ವರ್ಕ್ ಸಿಗುವ ಬಸ್ ಸ್ಟಾಪಿಗೆ ಬಂದು ಅದನ್ನು ನೋಡಿ, ನಿಂತಲ್ಲೇ ಅತ್ತು, ಬಂದ ಬಸ್ಸನ್ನು ತಪ್ಪಿಸಿಕೊಂಡಿದ್ದಳು.

ಕಂಪನಿಯವರು ದೂರು ಕೊಟ್ಟಿದ್ದು ಆ ಕ್ಯಾಸೆಟ್ಟಿನ ಪದ್ಯಗಳ ಮೇಲೆ. ನನ್ನ ಗಂಡ ಊಟಕ್ಕೆ ಕೂತವರು ತಲೆ ಎತ್ತದೆ, "ಎಲ್ಲ ಡಿಲೀಟ್ ಮಾಡಿ ಸುಮ್ನೆ ಕುತ್ಗ ಮಾರಾಯ್ತಿ. ನಿಂಗೆ ಬೇರೆ ಕೆಲ್ಸ ಇಲ್ಯ?" ಎಂದರು.

"ಸುಮ್ನೆ ಕೂಪವ್ಳಲ್ಲ ಆನು. ಬೇರೆ ಜಾಗ ಹುಡುಕ್ತೆ," ಎಂದೆ. ಸಾರು ಸ್ವಲ್ಪ ಜೋರಾಗಿಯೇ ಬಡಿಸಿದೆ.

ಜಾಗ ಹುಡುಕುವುದೆಂದರೆ ಸುಮ್ಮನೆ ಅಲ್ಲವೆಂದು ಆಮೇಲೆ ತಿಳಿಯಿತು. ಹೆಸರೇ ಕೇಳಿರದ ಒಂದು ವಿಡಿಯೋ ತಾಣದಲ್ಲಿ ಹಾಕಿ ನೋಡಿದೆ. ಅಲ್ಲಿ ದೂರು ಕೊಡುವವರೂ ಇಲ್ಲ, ನೋಡುವವರೂ ಇಲ್ಲ, ಕುಣಿತದ ನಡುವೆ ಜೂಜಿನ ಜಾಹೀರಾತು ಬೇರೆ. ಒಂದೇ ನಿಮಿಷದ ತುಣುಕು ಹಾಕುವ ಕಡೆ ಜನವೇನೋ ಜಾತ್ರೆಯಷ್ಟು ಇದ್ದಾರೆ, ಆದರೆ ಆ ಕಲಾವಿದರು ರಂಗದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. ಫೋನಿನ ಗ್ರೂಪುಗಳಿಗೆ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ. ಕಣ್ಣು ಯಾವುದು, ಕಾಡಿಗೆ ಯಾವುದು ಗೊತ್ತಾಗುವುದಿಲ್ಲ. ಅವರ ವೇಷದಲ್ಲಿ ಕಣ್ಣೇ ಕಾಣದ ಮೇಲೆ ಉಳಿಯುವುದು ಎಂತ, ಸೀರೆಯಾ? ವರ್ಷಕ್ಕಿಷ್ಟೆಂದು ದುಡ್ಡು ಕಟ್ಟಿ ಅಂತರಜಾಲದಲ್ಲಿ ನನ್ನದೇ ಒಂದು ಪುಟ ಮಾಡಿಕೊಳ್ಳಬಹುದಿತ್ತು, ಆದರೆ ಅದು ನನ್ನಂಥವಳಿಗಲ್ಲ ಎಂದುಕೊಂಡೆ. ತಿರುಗಿ ತಿರುಗಿ ಒಂದೇ ಕಡೆ ಬಂದು ನಿಲ್ಲುತ್ತಿದ್ದೆ. ಕಂಪನಿಯದಲ್ಲದ ಧ್ವನಿ ಬೇಕು. ಆ ಕಲಾವಿದರ ಮನೆಯಲ್ಲೇ ಹಳೆಯ ಕ್ಯಾಸೆಟ್ಟುಗಳಿದ್ದರೆ? ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ಹಣೆ ಚಚ್ಚಿಕೊಂಡು, ಅಂಗಡಿಗೆ ರಜೆ ಹಾಕಿ ಸಿದ್ದಾಪುರದ ಬಸ್ಸು ಹತ್ತಿದೆ.

ಅವರ ಮನೆ ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡಂತಿದೆ. ಗಿರಣಿ ನಡೆಸುವುದು ಅವರ ಮಗಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಹುಬ್ಬಿನ ಮೇಲೆಲ್ಲ ಹಿಟ್ಟು. ನಾನು ಬಾಗಿಲಲ್ಲಿ ನಿಂತು, ಶಿರಸಿಯಿಂದ ಬಂದೆ, ಅಪ್ಪಯ್ಯನವರ ವಿಡಿಯೋ ಮಾಡುವವಳು ಎಂದು ನಗುನಗುತ್ತಾ ಹೇಳಿದೆ. ಅವಳು ಗಿರಣಿ ನಿಲ್ಲಿಸಿದಳು. ಚಹಾ ಕೊಡುತ್ತಾಳೆ ಎಂದುಕೊಂಡೆ.

"ಓಹೋ, ನೀನೇಯನೇ ಅದು ಹಾಕದು? ಬಾ, ಒಳಗೆ ಬಾ. ಎಂತ ಮಾಡಿದ್ದೆ ಹೇಳಿ ತೋರಿಸ್ತೆ," ಎಂದಳು.

ತನ್ನ ಫೋನಿನಲ್ಲಿ ಅವಳು ತೋರಿಸಿದ್ದು ನಾನು ನೋಡೇ ಇರದ ಒಂದು ವಿಡಿಯೋ. ನನ್ನ ಆ ಸಭೆಯ ಕುಣಿತವನ್ನೇ ಯಾರೋ ಎತ್ತಿಕೊಂಡು, ಕಂಪನಿ ಧ್ವನಿಯನ್ನು ಕಿತ್ತು, ಅದಕ್ಕೊಂದು ಕುಡುಕರ ಹಾಡು ಕೂರಿಸಿದ್ದರು. ಸೊಂಟ ತಿರುಗಿದಾಗಲೆಲ್ಲ ಹಿಹ್ಹಿಹ್ಹಿ ಎಂಬ ನಗು. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯಲಾರೆ. ಗಂಡಸೋ ಹೆಂಗಸೋ ಎಂಬುದು ಅದರಲ್ಲಿ ಎಲ್ಲಕ್ಕಿಂತ ಮರ್ಯಾದೆಯ ಮಾತು.

"ಇದು ಆನು ಮಾಡಿದ್ದಲ್ಲ ಅತ್ಗೆ," ಎಂದೆ.

"ನೀನು ಮಾಡಿದ್ದಲ್ಲ, ಸರಿ. ಅವಕ್ಕೆ ಸಿಕ್ಕಿದ್ದು ಎಲ್ಲಿಂದ? ಅಪ್ಪಯ್ಯನ ಹತ್ರ ಒಂದು ಮಾತು ಕೇಳಿದ್ಯ ನೀನು? ಹಿಟ್ಟು ಬೀಸಲೆ ಬಂದವ್ವು ಫೋನು ನೋಡ್ಕಂಡು ನಗ್ತ. ಆನು ತಲೆ ತಗ್ಗಿಸ್ಕಂಡು ಹಿಟ್ಟು ಅಳೀತೆ. ಎಲ್ಲ ತೆಗಿ. ಇವತ್ತೇ ತೆಗಿ."

ಕಂಪನಿಯವರು ನನ್ನನ್ನು ಕೇಳಿದ್ದೂ ಇದೇ ಅಲ್ಲವೇ, ಯಾರನ್ನು ಕೇಳಿ ತಗೊಂಡೆ ಎಂದು. ಅಷ್ಟರಲ್ಲಿ ಒಳಗಿನಿಂದ ಅವರೇ ಬಂದರು. ಕೋಲು ಊರಿಕೊಂಡು, ಪಂಚೆಯಲ್ಲಿ, ಕನ್ನಡಕದಲ್ಲಿ. ರಂಗದಿಂದ ಕೆಳಗೆ, ಹಗಲ ಬೆಳಕಿನಲ್ಲಿ ನಾನು ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಮೊದಲು. ಕಾಲಿಗೆ ಬೀಳಬೇಕು ಅನಿಸಿತು, ಬಿದ್ದೆ.

"ಎಂತ ಗಲಾಟೆ? ಯಂಗೂ ತೋರ್ಸಿ," ಎಂದರು.

ಬೇಡ ಎಂದು ಮಗಳು ಹೇಳಿದಳು, ಬೇಡ ಎಂದು ನಾನೂ ಹೇಳಿದೆ. ಇಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ. ಅವರು ಕೈ ಚಾಚಿಕೊಂಡೇ ನಿಂತಿದ್ದರು. ಕೊನೆಗೆ ಮಗಳು ಫೋನು ಕೊಟ್ಟಳು. ಕುಡುಕರ ಹಾಡಿನದನ್ನು ಅವರು ಕುರ್ಚಿಯಲ್ಲಿ ಕೂತು, ಕಣ್ಣು ಮಿಟುಕಿಸದೆ ಪೂರ್ತಿ ನೋಡಿದರು. "ಹೆಜ್ಜೆ ಹುಷಾರಾಗಿಯೇ ಇದ್ದು," ಎಂದರು, ಅಷ್ಟೇ. ನನ್ನ ಜೀವ ಸ್ವಲ್ಪ ತಣ್ಣಗಾಯಿತು. ಇನ್ನು ನನ್ನದನ್ನು ನೋಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು, ಶೋಕದ ಪದ್ಯ ಕೂರಿಸಿದ ನನ್ನ ವಿಡಿಯೋವನ್ನು ಹಾಕಿಕೊಟ್ಟೆ. ಊರೆಲ್ಲ ನೋಡಿ ಅತ್ತದ್ದು ಅದು, ಇವರೂ ಕಣ್ಣೊರೆಸಿಕೊಳ್ಳುತ್ತಾರೆ ಎಂಬ ಆಸೆ ನನಗೆ.

ಅರ್ಧಕ್ಕೇ ಅವರು ಫೋನನ್ನು ತೊಡೆಯ ಮೇಲೆ ಇಟ್ಟರು. ಮುಖ ಕಪ್ಪಿಟ್ಟಿತ್ತು.

"ಈ ಪದ್ಯಕ್ಕೆ ಆನು ಕುಣಿದಿದ್ದೇ ಅಲ್ಲ ತಂಗಿ. ಅವಳು ಅಲ್ಲಿ ಅಳ್ತಿಲ್ಲೆ. ಅವಳಿಗೆ ಸಿಟ್ಟು ಬಂಜು. ತುಂಬಿದ ಸಭೆಲಿ ರಾಜನ್ನ ನೋಡ್ತಾ ಇದ್ದು ಅವಳು, ಬಿಡ್ತಿಲ್ಲೆ ನಿನ್ನ ಹೇಳಿ. ಈ ಕೈಯನ್ನ ನಿಧಾನ ಮಾಡಿದ್ದೆ ನೀನು. ಆನು ಅದನ್ನ ಬೀಸಿ ಒಗೆದಿದ್ದು. ಇಲ್ಲಿ ನೋಡಿದ್ರೆ ಸೆರಗಲ್ಲಿ ಕಣ್ಣೊರೆಸ್ಕಂಡಾಂಗೆ ಕಾಣ್ತು."

"ತಾಳ ಸರಿಯಾಗಿ ಕೂತಿತ್ತು ಮಾವ, ಅದಕ್ಕೆ..." ಎಂದು ತೊದಲಿದೆ. ಮೋಸ ಹೋದ ಹೆಣ್ಣು ಅಳುತ್ತಾಳೆ ಎಂದು ನನಗೆ ಯಾರು ಹೇಳಿಕೊಟ್ಟಿದ್ದರೋ!

ಅವರು ಮಗಳ ಫೋನನ್ನು ಒಮ್ಮೆ, ನನ್ನ ಫೋನನ್ನು ಒಮ್ಮೆ ಬೆರಳಿನಿಂದ ತೋರಿಸಿದರು. "ಅದನ್ನ ನೋಡಿದವ್ವು ನಗ್ತ. ನಿಂದನ್ನ ನೋಡಿದವ್ವು ನಂಬ್ತ," ಎಂದರು.

ಆ ಮಾತು ಕೇಳಿ ನನಗೆ ಅಲ್ಲೇ ಅಳು ಬಂತು. ನಗುವವರದ್ದು ನಾಳೆ ಮರೆತುಹೋಗುತ್ತದೆ. ನಾನು ಪ್ರೀತಿಯಿಂದ, ಹಠ ಹಿಡಿದು, ಒಂದು ಹೆಜ್ಜೆಯೂ ತಪ್ಪದಂತೆ ಮಾಡಿದ್ದು ಉಳಿಯುತ್ತದೆ. ಉಳಿದರೆ, ಈ ಮನುಷ್ಯ ಆಯುಷ್ಯವೆಲ್ಲ ಸಿಟ್ಟಿನಿಂದ ನಿಲ್ಲಿಸಿದ ಹೆಣ್ಣು ಅಳುಬುರುಕಿಯಾಗಿ ಉಳಿಯುತ್ತಾಳೆ. ಕಣ್ಣೊರೆಸಿಕೊಂಡು, "ಎಲ್ಲಾ ತೆಗೆದ್ಹಾಕ್ತೆ ಮಾವ," ಎಂದೆ.

"ತೆಗೆದು ಎಂತ ಮಾಡ್ತೆ? ನಗಾಡವ್ವು ತೆಗೀತ್ವಿಲ್ಲೆ. ಯನ್ನ ಮಂಡಿ ಹೋತು, ಇನ್ನು ಕುಣಿದು ತೋರ್ಸಲೆ ಬರ್ತಿಲ್ಲೆ. ಸರಿಯಾದ್ದು ಒಂದು ಕಡೆಗಾದ್ರೂ ಇರಕು. ಯಾರಾದ್ರೂ ಕೇಳಿದ್ರೆ ಹಿಂಗಿತ್ತು ಹೇಳಿ ತೋರ್ಸಲೆ."

"ಅಪ್ಪಯ್ಯಾ!" ಎಂದು ಮಗಳು ಸಿಡುಕಿದಳು. ಅವರು ಕೇಳದವರ ಹಾಗೆ ಕೂತಿದ್ದರು. ಅವಳು ನನ್ನ ಕಡೆ ತಿರುಗಿ, "ಮತ್ತೆ ಹಾಕದಾದ್ರೆ ಕೆಳಗೆ ಜನ ಬರೆಯ ಜಾಗ ಒಂದು ಇಪ್ಪಲಾಗ. ಹೇಳಿದ್ದಿ," ಎಂದು ಗಿರಣಿಗೆ ಹೋದಳು. ಚಹಾ ಆ ದಿನ ಸಿಗಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು. ಕಂಪನಿಗೆ ಸಿಗದ ಜಾಗ, ಹೆಚ್ಚು ಜನ ನೋಡುವ ಜಾಗ ಎಂದೆಲ್ಲ ಹುಡುಕಿದ್ದು ಸಾಕು. ಕುಣಿತವನ್ನು ಕುಣಿದ ಹಾಗೇ ಇಡುವ ಜಾಗ ಬೇಕು. ನಡುವೆ ಜಾಹೀರಾತು ಇಲ್ಲದ, ನಿಮಿಷಕ್ಕೆ ಕತ್ತರಿಸದ, ಕೆಳಗೆ ಯಾರೂ ಉಗುಳದ ಜಾಗ. ಅಂದರೆ ನನ್ನದೇ ಪುಟ. ನನ್ನಂಥವಳಿಗಲ್ಲ ಅನ್ನುವುದನ್ನು ಬದಿಗಿಟ್ಟು ಕಲಿಯಲು ಕೂತೆ. ಕಲಿಸುವ ವಿಡಿಯೋಗಳಲ್ಲಿ ಹುಡುಗರು ಪಟಪಟ ಹೇಳಿ ಮುಗಿಸುತ್ತಿದ್ದರು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಒಂದು ಸಲ ಪುಟವೆಲ್ಲ ತಲೆಕೆಳಗಾಯಿತು, ಇನ್ನೊಂದು ಸಲ ಮಾಡಿದ್ದೆಲ್ಲ ಅಳಿಸಿಹೋಯಿತು. ಗಂಡ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ತಾವೇ ಅನ್ನಕ್ಕೆ ಇಟ್ಟರು. ಬುದ್ಧಿವಂತರು.

ರಜೆ ಸಿಕ್ಕಾಗಲೆಲ್ಲ ಸಿದ್ದಾಪುರಕ್ಕೆ ಹೋದೆ. ವಾನಳ್ಳಿಯವರು ಕೊಟ್ಟ ಮೂಲ ವಿಡಿಯೋಗಳು, ಆ ಕೆಟ್ಟ ಧ್ವನಿಯ ಸಮೇತ, ನನ್ನ ಬಳಿ ಭದ್ರವಾಗಿದ್ದವು. ಒಂದೊಂದನ್ನೂ ಅವರ ಎದುರು ಹಾಕಿದೆ. ಇದು ಇರಲಿ, ಇದರಲ್ಲಿ ಕಾಲು ಸೋತಿದೆ ಬೇಡ, ಎಂದು ಅವರೇ ಹೇಳಿದರು. ಆ ಆಟಗಳಲ್ಲಿ ಹಾಡಿದ್ದ ಭಾಗವತರು ತೀರಿಕೊಂಡಿದ್ದರಿಂದ ಅವರ ಮಗನಿಗೆ ಫೋನು ಮಾಡಿ ಕೇಳಿದೆ. "ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ," ಎಂದು ಅವರು ಒಪ್ಪಿದರು. ಮಗಳು ಎರಡನೇ ಸಲಕ್ಕೆ ಚಹಾ ಕೊಟ್ಟಳು, ಸಕ್ಕರೆ ಕಡಿಮೆ ಹಾಕಿ.

ಪುಟ ಸಿದ್ಧವಾದ ದಿನ ಹಳೆಯ ಚಾನೆಲ್ಲನ್ನು, ಒಂದೊಂದೇ ವಿಡಿಯೋ ಅಳಿಸಿ, ನಾನೇ ತೆಗೆಯಲು ಕೂತೆ. ಮೂರನೇ ದೂರು ಬರಲೆಂದು ಕಾಯುವವಳಲ್ಲ ನಾನು. ‘ಖಚಿತವೇ?’ ಎಂದು ಕೇಳಿತು. ಹೌದಪ್ಪಾ ಹೌದು ಎಂದೆ. ಆ ಸಭೆಯ ವಿಡಿಯೋ ಬಂದಾಗ ಮಾತ್ರ ಬೆರಳು ನಿಂತಿತು. ಅಳಿಸಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಎಷ್ಟು ಜನ ಹೊಗಳಿದ್ದರು! ಅಕ್ಕ ಬಸ್ಸು ತಪ್ಪಿಸಿಕೊಂಡದ್ದು ಅದಕ್ಕೇ. ಒತ್ತಿದೆ.

ಈಗ ಆ ಪುಟಕ್ಕೆ ಬರುವವರು ಕಡಿಮೆ. ದಿನಕ್ಕೆ ನಾಲ್ಕಾರು ಜನ, ಕೆಲವು ದಿನ ಯಾರೂ ಇಲ್ಲ. ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು, ನನ್ನ ಹಳೆಯ ಚಾನೆಲ್ಲನ್ನು ಬಿಡದೆ ನೋಡುತ್ತಿದ್ದವರು, ಬಟ್ಟೆಯ ಚೀಲ ಕೆಳಗಿಡುವ ಮೊದಲೇ ಶುರುಮಾಡಿದರು.

"ಅಕ್ಕಾ, ಹಳೇದೆಲ್ಲಿ ಹೋಯ್ತು? ಎಷ್ಟು ಚಂದ ಇತ್ತು. ಹೊಸದ್ರಲ್ಲಿ ಬರೀ ಗಲಾಟೆ, ಕುಂಯ್ ಅಂತದೆ. ಹಳೇದು ನೋಡಿದ್ರೆ ಎಂಥವರಿಗೂ ಅಳು ಬರ್ತಿತ್ತು."

"ಅಲ್ಲಿ ಅಳೂದಿಲ್ಲ ಅಕ್ಕಾ. ಅಲ್ಲಿ ಅವಳಿಗೆ ಸಿಟ್ಟು," ಎಂದೆ. "ಇನ್ನೊಂದು ಸಲ ನೋಡಿ."

ಅವರು ನಂಬದೆ ನನ್ನ ಮುಖ ನೋಡಿದರು. ನಾನು ಫೋನಿನಲ್ಲಿ ಪುಟ ತೆರೆದು, ಆ ಸಭೆಯ ಕುಣಿತ ಹಾಕಿ ಅವರ ಕೈಗಿಟ್ಟು, ಟೇಪು ಹಿಡಿದು ಭುಜದ ಅಳತೆ ತೆಗೆಯತೊಡಗಿದೆ. ಮೈಕಿನ ಕೂಗಿನ ನಡುವೆ ಭಾಗವತರ ಧ್ವನಿ ಏರಿತು. ತೋಳಿನ ಅಳತೆಗೆ ಬಂದಾಗ ಅವರ ಕೈ ಬಿಗಿಯಾದದ್ದು ನನಗೆ ಟೇಪಿನಲ್ಲೇ ಗೊತ್ತಾಯಿತು. ಸಡಿಲ ಬಿಡಿ ಎಂದು ನಾನು ಹೇಳಲಿಲ್ಲ.

"ಅಯ್ಯಯ್ಯೋ," ಎಂದರು ಅವರು, ಫೋನಿನಿಂದ ಕಣ್ಣು ಕೀಳದೆ. "ಇವಳು ಅವ್ನನ್ನ ಬಿಡೂದಿಲ್ಲ ಮಾರಾಯ್ತಿ."