ಕಾಕಾನ ಕಾಲಿನ ಅಂಟು

ಅಥವಾ ಆ ಕಾಲು ಕಳಚಿದ್ದು ಕೊಟ್ಟಿಗೆಯಲ್ಲಿ ಅಲ್ಲವೇನೋ, ಅಂಗಳದಲ್ಲೇ ಇರಬಹುದು. ಕೊಟ್ಟಿಗೆಯಲ್ಲಿ ಸಗಣಿ ಇದೆಯೆಂದು, ಆಮೇಲೆ ನನಗೆ ಹುಟ್ಟಿದ ಅಸಹ್ಯಕ್ಕೆ ತಕ್ಕ ಜಾಗವೆಂದು, ನೆನಪು ಅದನ್ನು ಅಲ್ಲಿಗೆ ಎಳೆದುಕೊಂಡು ಹೋಗಿದೆ. ಖಚಿತವಾಗಿ ಗೊತ್ತಿರುವುದು ಇಷ್ಟೇ: ಕರೋಶಿಯಲ್ಲಿ ನನ್ನ ಕಾಕಾನ ಕೃತಕ ಕಾಲಿನ ಕಾರ್ಬನ್ ಪಾದ ಅಲ್ಯೂಮಿನಿಯಂ ಕೊಳವೆಯಿಂದ ಬಿಟ್ಟುಕೊಂಡಿತು. ಆತ ಬೋರಲು ಬಿದ್ದ.

"ಎಮ್ಮಿಗೋಳು ನಕ್ಕವೇನ ನೋಡ್ಲೇ," ಅಂದ, ಗದ್ದಕ್ಕೆ ಮೆತ್ತಿದ್ದನ್ನು ಒರೆಸಿಕೊಳ್ಳುತ್ತ. ನನಗೆ ನಗು ಬರಲಿಲ್ಲ.

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಕಲಿಸುವುದೇ ಇದನ್ನು, ವಸ್ತುಗಳೊಳಗಿನ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದನ್ನು. ಕಳಚಿದ ತುಂಡುಗಳನ್ನು ತಂದು, ಪಾದವನ್ನು ಕೊಳವೆಗೆ ಅಂಟಿಸಿದ್ದ ಆ ಜೋಡಣೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಬೇರೆ ಬೇರೆ ವಸ್ತುಗಳನ್ನು ಅಂಟಿಸಿದರೆ ಒತ್ತಡ ಅಂಚಿಗೆ ಬಂದು ಸೇರುತ್ತದೆ, ಪರದೆಯ ಮೇಲೆ ಅದು ಕೆಂಪು. ಲೆಕ್ಕಕ್ಕಾಗಿ ಮಾದರಿಯನ್ನು ವಿಂಗಡಿಸಿದ ಚೌಕಗಳನ್ನು ಸಣ್ಣ ಮಾಡಿದಷ್ಟೂ ಅಲ್ಲಿನ ಅಂಕಿ ಏರುತ್ತ ಹೋಗುತ್ತದೆ, ನಿಲ್ಲುವುದೇ ಇಲ್ಲ. ನಿಲ್ಲದ ಅಂಕಿಯನ್ನು ಅಂಟು ತಡೆಯುವ ಯಾವ ಮಿತಿಯ ಪಕ್ಕ ಇಟ್ಟು ನೋಡುವುದು?

ಕಾಲು ಮಾಡಿಕೊಟ್ಟ ನಿಪ್ಪಾಣಿಯವನನ್ನು ಕೇಳಿದೆ.

"ಆ ಮೂಲಿ ಎಲ್ಲಾರ ಲೆಕ್ಕದಾಗೂ ಕೆಂಪ ಇರತೈತ್ರಿ ಸರ. ಅದನ್ನ ಬಿಟ್ಟ ಉಳಿದದ್ದ ನೋಡ್ರಿ. ನಾವೂ ಬಿಟ್ಟೇವಿ."

ಅವನು ತೋರಿಸಿದ ಚಿತ್ರದಲ್ಲಿ ಅಂಚನ್ನೇ ಕತ್ತರಿಸಿ ತೆಗೆದಿದ್ದರು. ಉಳಿದದ್ದೆಲ್ಲ ಚೊಕ್ಕ ನೀಲಿ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ಏರುವ ಅಂಕಿ ಅರ್ಧ ಗಣಿತದ್ದೇ ಚೇಷ್ಟೆ, ನಾವೂ ವಿದ್ಯಾರ್ಥಿಗಳಿಗೆ ಹಾಗೇ ಹೇಳುತ್ತೇವೆ. ನನಗೆ ಹೇಸಿಗೆ ಹುಟ್ಟಿದ್ದು ಅದಕ್ಕೇ. ಎಲ್ಲರೂ ಲೆಕ್ಕದಿಂದ ಬಿಡುವ ಆ ಅಂಚಿನಿಂದಲೇ ಪಾದ ಕಳಚಿದ್ದು.

ಕಾಕಾನ ಹೆಂಡತಿ, ನನ್ನ ಕಾಕು, ಬಚ್ಚಲ ಹಂಡೆಯಿಂದ ತಂಬಿಗೆ ತುಂಬಿಕೊಂಡು ಬಂದಾಗ ಇನ್ನೊಂದು ಕಂಡಿತು. ಹೊಸ ಪಾದ ಬರುವ ತನಕ ಬದಲಿ ಕಾಲು ಕಟ್ಟಿಕೊಂಡಿದ್ದ ಕಾಕಾ, ಹೊರಗಿನಿಂದ ಬಂದಾಗಲೆಲ್ಲ ಎಂದಿನಂತೆ ಹೊಸ್ತಿಲಾಚೆ ನಿಂತು ಎರಡೂ ಕಾಲಿಗೆ ಬಿಸಿನೀರು ಹಾಕಿಸಿಕೊಳ್ಳುತ್ತಾನೆ, ಹೊಗೆಯಾಡುವ ನೀರು.

"ಅದಕ್ಕೂ ಯಾಕ ಹಾಕ್ತಿ ಕಾಕು?"

"ಒಂದ ಕಾಲ ತೊಳದ ಬಂದ್ರ ಅರ್ಧಾ ಮನಿ ಮೈಲಿಗಿ ಆಗೂದಿಲ್ಲೇನ?"

ಲೋಹ ಬಿಸಿಗೆ ಹಿಗ್ಗುತ್ತದೆ, ಕಾರ್ಬನ್ ಅಷ್ಟು ಹಿಗ್ಗುವುದಿಲ್ಲ. ನಡುವಿನ ಅಂಟನ್ನು ಎರಡೂ ಜಗ್ಗುತ್ತವೆ. ನಿಪ್ಪಾಣಿಯ ಲೆಕ್ಕದಲ್ಲಿ ಇದ್ದದ್ದು ಮನುಷ್ಯನ ಭಾರ ಮಾತ್ರ. ಆ ಮನುಷ್ಯ ಮನೆಗೆ ಬರುತ್ತಾನೆ ಎನ್ನುವುದು ಇರಲಿಲ್ಲ.

ಹೊಸ ಪಾದ ಬಂತು. ಅದೇ ಅಂಟು.

"ಇದಾದ್ರೂ ತಡೀತೈತೇನ್ಲೇ? ಎಮ್ಮಿ ಹೊಡಕೊಂಡ ಹಳ್ಳಕ್ಕ ಇಳೀಬೇಕ ನಾ."

"ತಣ್ಣೀರ ಹಾಕಿಸಿಕೋ ಕಾಕಾ."

"ಈ ಥಂಡ್ಯಾಗ? ಇನ್ನೊಂದ ಕಾಲ ನಂದ ಐತಲೇ!"

ಬಿಸಿನೀರನ್ನೂ ಮಾದರಿಗೆ ಸೇರಿಸಿದೆ. ಅಂಚು ಇನ್ನಷ್ಟು ಕೆಂಪಾಯಿತು, ಅಂಕಿ ಮತ್ತೆ ಏರಿತು. ಹಳೆಯದನ್ನು ಬಿಡಿಸಿದ್ದು ಬಿಸಿಯೋ, ಭಾರವೋ, ಅಂಟು ಹಚ್ಚುವ ಮೊದಲು ಲೋಹವನ್ನು ಯಾರೋ ಸರಿಯಾಗಿ ಒರೆಸದೆ ಇದ್ದದ್ದೋ, ನನಗೆ ಗೊತ್ತಾಗಲಿಲ್ಲ. ಹೊಸದು ಹಳ್ಳದ ಇಳಿಜಾರಿನಲ್ಲಿ ತಡೆಯುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.