ಚಟ್ಟದಿಂದೆದ್ದವನ ನಗು

ಕಲಂಗುಟ್‌ನಲ್ಲಿ ಶೂಟಿಂಗ್ ನಡೆದರೆ ಸಾಯುವ ಪಾತ್ರ ಮಕ್ತುಮಸಾಬನದೇ. ಗದಗಿನ ನಾಟಕ ಕಂಪನಿ ಮುಚ್ಚಿದ ಮೇಲೆ ಗೋವೆಗೆ ಬಂದವನು, ಮೂವತ್ತು ವರ್ಷ ಸಿನಿಮಾಗಳಲ್ಲಿ ಗುಂಡು ತಿಂದೇ ಹೊಟ್ಟೆ ಹೊರೆದಿದ್ದ. ಸತ್ತ ದೃಶ್ಯ ಮುಗಿದೊಡನೆ ನಟ ಎದ್ದು ಕ್ಯಾಮೆರಾ ಮುಂದೆ ನಗಬೇಕು. ನಗದಿದ್ದರೆ ಸಾವು ಬೆನ್ನು ಹತ್ತುತ್ತದೆಂಬುದು ಸಿನಿಮಾದವರ ನಂಬಿಕೆ. ಈ ಸಲ ಅವನು ಚಟ್ಟದಿಂದ ಏಳುವಷ್ಟರಲ್ಲಿ ಬೆಳಕು ಹೋಗಿತ್ತು. ಹೋದ ತಿಂಗಳಷ್ಟೇ ಎದೆನೋವಿನಿಂದ ಆಸ್ಪತ್ರೆ ಕಂಡಿದ್ದವನು ನೇರ ಕ್ಯಾಮೆರಾದವನ ಬಳಿ ಹೋದ.

"ಸಾಹೇಬ್ರ, ನಗೂದು ಉಳೀತ್ರಿ."

"ನಾಳೆ ತೆಗೆಯೋಣ ಅಜ್ಜ," ಎಂದ ಕ್ಯಾಮೆರಾದವನು, ಪೆಟ್ಟಿಗೆ ಮುಚ್ಚುತ್ತ.

"ನಾಳಿತನಕ ನಾ ಹೆಣಾನ ಏನ್ರಿ?"

ಕ್ಯಾಮೆರಾದವನು ನಕ್ಕು ಪೆಟ್ಟಿಗೆ ತೆರೆದ, ದೀಪ ಹಚ್ಚಿಸಿದ. ಮಕ್ತುಮಸಾಬ ಹಲ್ಲು ಕಿರಿದ. ತುಟಿ ಅಗಲವಾಯಿತು, ಕಣ್ಣಿನ ಹೆದರಿಕೆ ಹೋಗಲಿಲ್ಲ.

"ಮುಗೀತು, ಅಜ್ಜ."

"ಇಲ್ರಿ. ಖರೇ ನಕ್ಕಂಗ ಆಗ್ಲಿಲ್ಲ. ಇನ್ನೊಮ್ಮೆ ತಗೀರಿ."