ದೇವರ ಕೋಣೆಯ ಹೊರಗೆ ಅಮ್ಮ

ಎವರ್‌ಗ್ರೀನ್‌ನ ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಜಾಗವೆಂದರೆ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟು ಒಂದೇ. ಕಟ್ಟಿದವರು ಅದನ್ನು ಕೋಟು, ಛತ್ರಿ ಇಡಲಿ ಅಂತ ಮಾಡಿದ್ದರು. ನಾವು ಬಂದ ವಾರವೇ ಕೋಟುಗಳನ್ನು ಗರಾಜಿಗೆ ದಬ್ಬಿ ಅಲ್ಲಿ ದೇವರನ್ನು ಕೂರಿಸಿದೆವು. ಈ ಪರದೇಶದಲ್ಲಿ ನಾನು ನೋಡಿದ ಕನ್ನಡದವರ ಮನೆಗಳಲ್ಲಿ ಹೆಚ್ಚುಕಮ್ಮಿ ಎಲ್ಲ ದೇವರುಗಳೂ ಮೆಟ್ಟಿಲ ಕೆಳಗೇ ಸಂಸಾರ ಹೂಡಿದ್ದಾರೆ.

ಆವತ್ತು ಬೆಳಗಿನಿಂದ ಮಳೆ. ಗಂಡ ಹಾಲಿನಲ್ಲಿ ಒಂದು ಮೀಟಿಂಗು, ನಾನು ಮೇಲಿನ ರೂಮಿನಲ್ಲಿ ಇನ್ನೊಂದು ಮೀಟಿಂಗು. ಮಧ್ಯಾಹ್ನ ಇದ್ದಕ್ಕಿದ್ದಂತೆ ಕತ್ತಲು ಕವಿಯಿತು. ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಟೊರ್ನೆಡೋ ವಾರ್ನಿಂಗು, ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಕೋಣೆಗೆ ಕೂಡಲೇ ಹೋಗಿ ಎಂದಿತ್ತು. ಭೂಕಂಪವಾದರೆ ಮೇಜಿನ ಕೆಳಗೆ ನುಗ್ಗಬೇಕು, ಬೆಟ್ಟಕ್ಕೆ ಬೆಂಕಿ ಬಿದ್ದರೆ ಕಾರು ಹತ್ತಿ ಓಡಬೇಕು, ಅಷ್ಟು ನಮಗೆ ಪಾಠವಾಗಿದೆ. ಸುಂಟರಗಾಳಿ ಈ ಊರಿನ ಕಡೆಗೂ ತಲೆಹಾಕುತ್ತದೆಂದು ಯಾರಿಗೆ ಗೊತ್ತಿತ್ತು? ನೋಡನೋಡುತ್ತಲೇ ಪಕ್ಕದ ಮನೆಯ ಕಸದ ಡಬ್ಬಿ ರಸ್ತೆಯುದ್ದಕ್ಕೂ ಉರುಳಿಕೊಂಡು ಹೋಯಿತು.

ದೇವರ ಮಂಟಪವನ್ನು ಗೋಡೆಗೆ ಒತ್ತರಿಸಿ ಗಂಡ, ಏಳು ವರ್ಷದ ಮಗಳು ಮತ್ತು ನಾನು ಕಾಲು ಮಡಚಿ ಕೂತೆವು. ಊರಿಂದ ಬಂದಿದ್ದ ಅಮ್ಮನಿಗೂ ಜಾಗ ಬಿಟ್ಟಿದ್ದೆವು. ಅಮ್ಮ ಬಾಗಿಲ ತನಕ ಬಂದು ನಿಂತುಬಿಟ್ಟಳು.

ಆಗ ನೆನಪಾಯಿತು. ಅದೇ ವಾರ ಹಾಸನದಲ್ಲಿ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ತೀರಿಕೊಂಡಿದ್ದರು. ಅಪ್ಪ ಹೋದ ಮೇಲೆ ಅಮ್ಮನ ಬೆನ್ನಿಗೆ ನಿಂತವರು ಅವರೇ. ಮದುವೆಯಾಗಿ ಬೇರೆ ಮನೆ ಸೇರಿದ ನನಗೆ ಸೂತಕ ಒಂದು ಸ್ನಾನದಲ್ಲಿ ಕಳೆದಿತ್ತು. ಅಮ್ಮನಿಗೆ ಇನ್ನೂ ಇತ್ತು. ಸೂತಕದವರು ದೇವರ ಕೋಣೆಗೆ ಕಾಲಿಡುವುದಿಲ್ಲ.

"ಸುಂಟರಗಾಳಿಗೆ ಸೂತಕ ಗೊತ್ತಾಗುತ್ತಾ ಅಮ್ಮ? ಬಾ ಒಳಗೆ," ಎಂದೆ.

"ಅದಕ್ಕೆ ಗೊತ್ತಾಗ್ದೇ ಇರಬಹುದು, ನನಗೆ ಗೊತ್ತಲ್ಲ."

"ಅತ್ತೆ, ದೇವರು ಏನೂ ಅಂದ್ಕೊಳ್ಳಲ್ಲ ಬನ್ನಿ," ಎಂದರು ನನ್ನ ಗಂಡ.

"ನೀವು ಮಗೂನ ನೋಡ್ಕೊಳ್ಳಿ," ಎಂದವಳೇ ಅಮ್ಮ ಹೊರಗಿನಿಂದ ಬಾಗಿಲು ಎಳೆದುಬಿಟ್ಟಳು.

ಕತ್ತಲಲ್ಲಿ ಕರ್ಪೂರದ ವಾಸನೆ. ಮಾಡಿನ ಮೇಲೆ ಆಲಿಕಲ್ಲು ಬಡಿಯುತ್ತಿತ್ತು, ಎಲ್ಲೋ ಮರ ಮುರಿದ ಸದ್ದು. ಮಗಳು ನನ್ನ ಕೊರಳು ತಬ್ಬಿ, "ಈಸ್ ಅಜ್ಜಿ ಗೋಯಿಂಗ್ ಟು ಡೈ?" ಎಂದು ಕೇಳಿದಳು. ನನಗೆ ಅಳುವಿಗಿಂತ ಸಿಟ್ಟೇ ಬಂತು. ಹಾಲಿನ ಆ ದೊಡ್ಡ ಗಾಜಿನ ಬಾಗಿಲು ಒಡೆದರೆ ಚೂರೆಲ್ಲ ನೇರವಾಗಿ ಬೀಳುವುದು ಅಮ್ಮನ ಮೇಲೆ. ಈ ಹಟಮಾರಿ ಹೆಂಗಸು ನನ್ನನ್ನು ಜೀವಮಾನವಿಡೀ ಕೊರಗಿಸಲೆಂದೇ ಹೊರಗೆ ಕೂತಿದ್ದಾಳೆ ಎಂದು ಮನಸ್ಸಿನಲ್ಲೇ ಬೈದೆ. ಬಾಗಿಲಿಗೆ ಕೈ ಚಾಚಿದರೆ ಮಗಳು ಹಿಡಿತ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಕೊನೆಗೆ ವಾರ್ನಿಂಗು ಮುಗಿಯಿತೆಂದು ಫೋನು ಹೇಳಿತು. ಹೊರಗೆ ಬಂದು ನೋಡಿದರೆ ಹಿತ್ತಲ ಬೇಲಿ ಮಲಗಿತ್ತು, ಅಷ್ಟೇ. ಸುಂಟರಗಾಳಿ ನಮ್ಮ ಕಡೆ ಬಂದಿರಲೇ ಇಲ್ಲ. ಅಮ್ಮ ಕೊನೆಯ ಮೆಟ್ಟಿಲ ಮೇಲೆ ರಗ್ಗು ಹೊದ್ದು ಕೂತಿದ್ದಳು. ಮುಖ ಊದಿಕೊಂಡಿತ್ತು, ಮೂಗು ಕೆಂಪಾಗಿತ್ತು.

"ತುಂಬಾ ಹೆದರಿದೆಯಾ?" ಎಂದು ಪಕ್ಕದಲ್ಲಿ ಕೂತೆ.

"ಹೆದರೋಕೇನಿತ್ತು? ನೀವೆಲ್ಲ ಒಳಗಿದ್ರಿ, ಗಾಳಿ ಬೇರೆ ಅಷ್ಟು ಜೋರು. ಯಾರಿಗೂ ಕೇಳಿಸಲ್ಲ ಅಂತ ಭಾವನ್ನ ನೆನೆಸ್ಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ ಕಣೆ. ಈಗ ಎದೆ ಹಗುರಾಯ್ತು."

"ಅದಕ್ಕೆ ಇಷ್ಟು ದಿನ ಕಾಯಬೇಕಿತ್ತಾ ಅಮ್ಮ?"

"ಮತ್ತೆಲ್ಲಿ ಅಳೋದು ಮಗಾ? ಯಾವ ರೂಮಿಗೆ ಹೋದ್ರೂ ಮೀಟಿಂಗು."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಸಾವಿನ ಸುದ್ದಿ ಬಂದ ದಿನದಿಂದಲೂ, ಅಮ್ಮ ಗಟ್ಟಿಗಿತ್ತಿ, ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ಎಂದು ಊರಿನವರಿಗೆಲ್ಲ ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದವಳು ನಾನೇ.